ನಲವತ್ತು ತಾಸು ಮೂವತ್ತು ನಿಮಿಷ

ಹುಬ್ಬಳ್ಳಿ ಇಳಿದಾಣ
ಜನವರಿ ಮೂವತ್ತೆರಡು, ೨೨೧೧

ದಾರ್ ಎಸ್ ಸಲಾಮಿನಿಂದ ಹುಬ್ಬಳ್ಳಿಗೆ ಆರು ತಾಸಿನಲ್ಲಿ ಹಾರಬಲ್ಲ ಕಾಲದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಮೂರು ತಿಂಗಳ ಮಗಳು ಪಾರಿಜಾತ ನನಗೆ ಸರಿಯಾಗಿ ನಿದ್ದೆ ಕೊಟ್ಟೇ ಇಲ್ಲ, ಬರವಣಿಗೆ ಅಡ್ಡಾದಿಡ್ಡಿಯಾದರೆ ಅದಕ್ಕೆ ಅವಳೇ ಕಾರಣ.

ನಮ್ಮ ವಿಮಾನವನ್ನು ಬಿಸಿಲುರೆಕ್ಕೆ ಎನ್ನುತ್ತೇವೆ. ಹಗಲೆಲ್ಲ ಬಿಸಿಲು ಕುಡಿದು, ಕೂಡಿಟ್ಟ ಶಕ್ತಿಯಲ್ಲಿ ರಾತ್ರಿ ಕಳೆಯುತ್ತದೆ. ಬಲು ನಿಧಾನ. ಒಳಗೆ ಜನ ರೊಟ್ಟಿ ಬುತ್ತಿ ಬಿಚ್ಚುತ್ತಾರೆ, ಕೂಸಿನ ಬಟ್ಟೆ ಒಣಹಾಕುತ್ತಾರೆ, ಜಗಳಾಡಿ ರಾಜಿಯಾಗುವಷ್ಟು ಹೊತ್ತಿರುತ್ತದೆ. ಎರಡು ಊರುಗಳ ನಡುವೆ ನಾಲ್ಕು ಸಾವಿರದ ಆರುನೂರು ಕಿಲೋಮೀಟರ್; ನಿಮಗೂ ಅಷ್ಟೇ, ನಮಗೂ ಅಷ್ಟೇ. ಬದಲಾಗುವುದು ತಾಸು. ಅದನ್ನು ಲೆಕ್ಕ ಹಾಕುವವರು ಗಾಳಿಗಣಕರು. ಕಾಲೇಜು ಮುಗಿಸಿ ನಾನು ಹಿಡಿದ ಕೆಲಸ ಅದೇ. ರೆಕ್ಕೆ ಇಳಿಯುವ ಊರಿನ ಗಣಕರು ದಾರಿಯನ್ನೂ ತಾಸನ್ನೂ ಕರಿಹಲಗೆಯ ಮೇಲೆ ಬರೆದು ಕೆಳಗೆ ಹೆಸರು ಹಾಕಬೇಕು. ಇಳಿಯುವವರೆಗೆ ಒರೆಸುವಂತಿಲ್ಲ. ಇನ್ನೊಂದು ಕಟ್ಟುನಿಟ್ಟು: ಒಳಗೆ ಯಾರಿದ್ದಾರೆಂದು ಗಣಕರಿಗೆ ತಿಳಿಯಬಾರದು.

ಅದನ್ನು ಮುರಿದವಳು ನಮ್ಮವ್ವ. ದಾರ್ ಎಸ್ ಸಲಾಮಿನ ಬೀಜಭಂಡಾರದಲ್ಲಿ ದುಡಿಯುವ ಅವಳು ಮೊಮ್ಮಗಳನ್ನು ಇನ್ನೂ ಕಂಡಿರಲಿಲ್ಲ. ಹಿಗ್ಗು ತಡೆಯಲಾಗದೆ, "ಮಂಗಳವಾರದ ರೆಕ್ಕ್ಯಾಗ ಬರಾಕತ್ತೇನಿ, ಕೂಸಿಗೆ ಹೇಳು" ಎಂದು ಸುದ್ದಿ ಕಳಿಸಿಬಿಟ್ಟಳು. ಮಂಗಳವಾರದ ಲೆಕ್ಕ ನನ್ನದೇ.

ಎದುರುಗಾಳಿ ಜೋರಿತ್ತು. ನೇರ ದಾರಿಯಲ್ಲಿ ಎರಡನೆಯ ರಾತ್ರಿಗೆ ಶಕ್ತಿ ಸಾಲದು ಎನಿಸಿ, ಸಮಭಾಜಕ ವೃತ್ತದ ಪಕ್ಕದ ಸೌಮ್ಯ ಗಾಳಿ ಹಿಡಿದು ಸುತ್ತಿ ಬರುವ ದಾರಿ ಆರಿಸಿದೆ: ನಲವತ್ತೊಂದು ತಾಸು ಹತ್ತು ನಿಮಿಷ. ಬಳಪ ಎತ್ತಿದ ಕೈ ಅಲ್ಲೇ ನಿಂತಿತು. ಇದರಲ್ಲಿ ಗಾಳಿ ಎಷ್ಟು, ನನ್ನ ಹೆದರಿಕೆ ಎಷ್ಟು? ಹೆದರಿಕೆ ಸೇರಿಸಿ ಬರೆದೆನೆಂದು ಗೊತ್ತಾದರೆ ಮುಂದೆ ನನ್ನ ಲೆಕ್ಕ ನಂಬಿ ಯಾರೂ ಹತ್ತುವುದಿಲ್ಲ. ಕಡಿಮೆ ಬರೆದು ನಡುದಾರಿಯಲ್ಲಿ ಶಕ್ತಿ ತೀರಿದರೆ ಕಡಲ ಮೇಲಿರುವವಳು ಅವ್ವ.

ಹಿರಿಯ ಗಣಕರಾದ ಗುರುಪಾದಪ್ಪ ಕಾಕಾರ ಮುಂದೆ ಎಲ್ಲ ಒಪ್ಪಿಕೊಂಡೆ. ಬೈಯಲಿಲ್ಲ. "ತಾ ಇಲ್ಲಿ. ಹೆದರಿಕಿ ಎಷ್ಟು ನಿಮಿಷ ಐತಿ ನೋಡೂಣು" ಎಂದು ಪಾರಿಜಾತಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಲೆಕ್ಕದ ಒಂದೊಂದೇ ಸಾಲು ಬಿಡಿಸಿದರು. ಮಧ್ಯಾಹ್ನದ ಹೊತ್ತಿಗೆ ತಲೆಯೆತ್ತಿ, "ದಾರಿ ಖರೇ ಐತಿ. ಹೆದರಿಕಿ ನಲವತ್ತು ನಿಮಿಷ. ತಗದು ಬರಿ" ಎಂದರು. ತೆಗೆದು ಬರೆದೆ. ಹೆಸರು ದೊಡ್ಡದಾಗಿಯೇ ಹಾಕಿದೆ.

ರೆಕ್ಕೆ ನಲವತ್ತು ತಾಸು ಇಪ್ಪತ್ತಾರು ನಿಮಿಷಕ್ಕೆ ಇಳಿಯಿತು. ನೇರ ದಾರಿ ಹಿಡಿದಿದ್ದ ಸರಕಿನ ರೆಕ್ಕೆಯೊಂದು ಆಗಿನ್ನೂ ಬಿಸಿಲಿಗಾಗಿ ಯಾವುದೋ ನಡುಗಡ್ಡೆಯಲ್ಲಿ ಕುಳಿತಿತ್ತು. ಅವ್ವ ಮೆಟ್ಟಿಲಿಳಿದವಳೇ ಕೂಸಿನತ್ತ ಬರಲಿಲ್ಲ. ಹಲಗೆಯ ಮುಂದೆ ನಿಂತು ನನ್ನ ಹೆಸರು ಓದಿದಳು. ಜತೆಯವರಿಗೆಲ್ಲ ಕೇಳುವಂತೆ, "ನಾಕು ನಿಮಿಷ ತಪ್ಪ್ಯಾಳ ನನ್ನ ಮಗಳು. ನಿದ್ದಿ ಇಲ್ಲ, ಪಾಪ" ಎಂದಳು.

ನಿಮ್ಮ ಆರು ತಾಸನ್ನೂ ಯಾರೋ ಕೂತು ಲೆಕ್ಕ ಹಾಕಿರುತ್ತಾರೆ. ಅವರ ಹೆಸರನ್ನು ನೀವು ಎಲ್ಲಿಯೂ ಬರೆಯುವುದಿಲ್ಲವಂತೆ. ಇನ್ನೊಮ್ಮೆ ಇಳಿದಾಗ ಕೇಳಿ ತಿಳಿದುಕೊಳ್ಳಿ, ಇಷ್ಟೇ ನನ್ನ ಬೇಡಿಕೆ. ಹಲಗೆ ಒರೆಸುವ ಕೆಲಸ ಬಾಕಿಯಿದೆ. ಆದರೆ ಪಾರಿಜಾತ ಅಜ್ಜಿಯ ಹೆಗಲ ಮೇಲೆ ಮಲಗಿದ್ದಾಳೆ, ಬಿಸಿಲು ಬೆಚ್ಚಗಿದೆ. ಹೆಸರು ಇನ್ನೊಂದು ತಾಸು ಅಲ್ಲೇ ಇರಲಿ. ನಾನು ಕಣ್ಣು ಮುಚ್ಚುತ್ತೇನೆ.

ಶಾಲ್ಮಲಾ
ಗಾಳಿಗಣಕಿ