ಕುರಿಗಳಿಲ್ಲದ ಹಟ್ಟಿಯಿಂದ ಸಮೀಕ್ಷಾ ಕೋಶಕ್ಕೆ

ಸಮೀಕ್ಷೆ ಮತ್ತು ವಿಶ್ಲೇಷಣಾ ಕೋಶದ ಮಾನ್ಯ ಮುಖ್ಯಸ್ಥರೇ,

ನಮ್ಮ ಹಟ್ಟಿಯಲ್ಲಿ ಕುರಿಗಳೇ ಇಲ್ಲವೆಂದು ತಾವು ವೈಜ್ಞಾನಿಕವಾಗಿ ಸಾಬೀತುಪಡಿಸಿ, ಅದರ ಆಧಾರದ ಮೇಲೆ ನಮ್ಮ ಪಶು ಚಿಕಿತ್ಸಾಲಯಕ್ಕೆ ಬೀಗ ಹಾಕಿಸಿ, ಇದ್ದೊಬ್ಬ ಡಾಕ್ಟರನ್ನು ಬೇರೆ ಜಿಲ್ಲೆಗೆ ಕಳಿಸಿಕೊಟ್ಟದ್ದಕ್ಕೆ ಮೊದಲು ಅಭಿನಂದನೆ ಸಲ್ಲಿಸುತ್ತೇನೆ. ಒಂದು ಸಣ್ಣ ತೊಡಕು ಮಾತ್ರ ಉಳಿದಿದೆ. ಈ ವಿಷಯವನ್ನು ಕುರಿಗಳಿಗೆ ಯಾರೂ ತಿಳಿಸಿಲ್ಲ. ತಾವು ಇಲ್ಲವೆಂದ ಮೇಲೂ ಅವು ಬೆಳಿಗ್ಗೆ ಮುಳ್ಳುಬೇಲಿಯ ರೊಪ್ಪದಿಂದ ಹೊರಟು ಗುಡ್ಡ ಹತ್ತಿದವು, ಸಂಜೆ ಧೂಳೆಬ್ಬಿಸಿಕೊಂಡು ಹಿಂದಿರುಗಿದವು. ತಮ್ಮ ವರದಿಯನ್ನು ಅವುಗಳ ಮುಂದೆ ಹಿಡಿದು ನೋಡೋಣವೆಂದುಕೊಂಡೆ, ಆದರೆ ಕಾಗದ ಕಂಡರೆ ಅವು ಓದುವುದಿಲ್ಲ, ತಿನ್ನುತ್ತವೆ.

ನಾನು ಯಾರೆಂದು ತಾವು ಕೇಳಬಹುದು. ಮಧುಗಿರಿಯಲ್ಲಿ ಟೈಪಿಂಗ್, ಜೆರಾಕ್ಸ್, ಸ್ಪೈರಲ್ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿರುವವಳು. ಹುಟ್ಟಿದ್ದು ಪುರವರ ಹೋಬಳಿಯ ಕುರಿ ಸಾಕುವವರ ಹಟ್ಟಿಯಲ್ಲಿ. ಹೀಗಾಗಿ ತಮ್ಮ ವರದಿಯ ಒಳಗೂ ನಾನಿದ್ದೇನೆ, ಹೊರಗೂ ಇದ್ದೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಜಾನುವಾರು ಸ್ಥಿತಿಗತಿ ಅಧ್ಯಯನ ಎಂಬ ತಮ್ಮ ಗ್ರಂಥಕ್ಕೆ ತೂತು ಕೊರೆದು ಸುರುಳಿ ಹಾಕಿದ್ದು ನನ್ನ ಅಂಗಡಿಯಲ್ಲೇ. ಸಂಶೋಧನೆ ಎಂದರೆ ಪ್ರಯೋಗಾಲಯ, ಗ್ರಂಥಾಲಯ, ಕನ್ನಡಕ ಹಾಕಿಕೊಂಡ ಪ್ರಾಧ್ಯಾಪಕರು ಎಂದೆಲ್ಲ ತಿಳಿದಿದ್ದೆ. ಅದು ಜೆರಾಕ್ಸ್ ಮಷೀನಿನ ಪಕ್ಕದ ಸ್ಟೂಲಿನ ಮೇಲೆ, ಟೀ ಕುಡಿಯುತ್ತಲೂ ನಡೆಯುತ್ತದೆಂದು ತಮ್ಮ ಸಿಬ್ಬಂದಿಯಿಂದ ಕಲಿತೆ.

ಅವರು ನನಗೆ ಮೊದಲು ತಂದುಕೊಟ್ಟದ್ದು ಉಪಸಂಹಾರ. ಅಂಕಿಅಂಶ ಹಳ್ಳಿಗಳಿಂದ ಇನ್ನೂ ಬರಬೇಕು, ಅಷ್ಟರಲ್ಲಿ ಇದನ್ನು ಟೈಪ್ ಮಾಡಿಟ್ಟಿರಿ ಎಂದರು. ಅದರಲ್ಲಿ ಆಗಲೇ ‘ಸಾಂಪ್ರದಾಯಿಕ ಕುರಿ ಸಾಕಣೆಯು ಗಣನೀಯವಾಗಿ ಕ್ಷೀಣಿಸಿರುವುದು ಕಂಡುಬಂದಿದೆ’ ಎಂದಿತ್ತು. ಯಾರಿಗೆ ಕಂಡುಬಂತು? ಯಾವಾಗ? ಯಾರೂ ಇನ್ನೂ ಹಳ್ಳಿಯ ಕಡೆ ತಲೆಹಾಕಿರಲಿಲ್ಲ. ಇನ್ನೊಂದು ಪುಟದಲ್ಲಿ ಯಾವುದೋ ಕರಾವಳಿ ತಾಲ್ಲೂಕಿನ ಹೆಸರು ಉಳಿದುಬಿಟ್ಟಿತ್ತು. ತೋರಿಸಿದೆ. ತಮ್ಮವರು ನಕ್ಕು, ‘ಶಿರಾ ಅಂತ ಮಾಡಿ ಮೇಡಂ’ ಎಂದರು, ಮಾಡಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ಬಗ್ಗೆ ಕೇಳಿದ್ದೆ. ಆಮೇಲೆ ಹುಟ್ಟಿದ ಕೂಸಿನ ತಲೆಯನ್ನು ಕುಲಾವಿಯ ಅಳತೆಗೆ ಒತ್ತಿ ಸರಿಮಾಡುವವರನ್ನು ತಮ್ಮ ಕೋಶದಲ್ಲಿ ಕಂಡೆ.

ಇನ್ನು ಮಾಹಿತಿ ಸಂಗ್ರಹಕ್ಕೆ ಬರೋಣ. ತಮ್ಮ ಗಣತಿದಾರರು ಕಚೇರಿ ವೇಳೆಯಲ್ಲಿ, ಬಿಸಿಲು ನೆತ್ತಿಗೇರಿದ ಮೇಲೆ ಹಟ್ಟಿಗೆ ಬಂದರು. ಆ ಹೊತ್ತಿಗೆ ಕುರಿಗಳೂ ತಮ್ಮ ಕಚೇರಿಗೆ ಹೋಗಿರುತ್ತವೆ ಸ್ವಾಮಿ, ಗುಡ್ಡದ ಮೇಲೆ. ರೊಪ್ಪದಲ್ಲಿ ಉಳಿದಿದ್ದದ್ದು ಬುಟ್ಟಿ ಕವುಚಿ ಬಿಟ್ಟಿದ್ದ ಎಳೆ ಮರಿಗಳು ಮತ್ತು ರಾಶಿ ಹಿಕ್ಕೆ. ಅಷ್ಟೊಂದು ಹಿಕ್ಕೆಯನ್ನು ಯಾರು ಹಾಕಿದರು ಎಂಬ ಪ್ರಶ್ನೆ ತಮ್ಮ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಕುರಿಯನ್ನು ನೋಡದೆ ಕುರಿಯ ಲೆಕ್ಕ ಬರೆಯಬೇಕಾದ್ದರಿಂದ ಮನೆಯವರನ್ನು ಕೇಳಿದರು. ನಿಜವಾದ ಎಡವಟ್ಟು ಆದದ್ದು ಅಲ್ಲಿಯೇ.

ತಮಗೆ ಗೊತ್ತಿರಲಿಕ್ಕಿಲ್ಲ, ನಮ್ಮವರು ಕುರಿಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಂದೆಯನ್ನು ಬೆರಳು ತೋರಿಸಿ ಎಣಿಸುವುದಿಲ್ಲ. ಎಣಿಸಿದರೆ, ಎಣಿಸಿ ಇಷ್ಟು ಎಂದು ಹೊರಗಿನವರ ಮುಂದೆ ಆಡಿದರೆ, ಮಂದೆಗೆ ಕಣ್ಣು ಬೀಳುತ್ತದೆ ಎಂಬುದು ಹಟ್ಟಿಯ ನಂಬಿಕೆ. ಮೂಢನಂಬಿಕೆ ಎಂದು ತಾವು ನಗಬಹುದು. ನಾನೂ ಕಾಲೇಜಿಗೆ ಹೋದವಳು, ನಾನೂ ನಕ್ಕಿದ್ದೇನೆ. ಆದರೆ ಕೂಸನ್ನು ನೋಡಲು ಬಂದವರು ‘ಎಷ್ಟು ಗುಂಡುಗುಂಡಾಗಿದೆ’ ಎಂದುಬಿಟ್ಟರೆ ತಮ್ಮ ಮನೆಯಲ್ಲೂ ಯಾರೋ ದೃಷ್ಟಿಯಾಯಿತೆಂದು ಹಿಡಿ ಉಪ್ಪು ತಂದು ಇಳಿ ತೆಗೆಯುತ್ತಾರಲ್ಲವೇ? ಆಸ್ತಿ ವಿವರ ಸಲ್ಲಿಸಬೇಕಾಗಿ ಬಂದಾಗ ತಮ್ಮಂಥವರನ್ನು ಎಂಥ ವಿನಯ ಆವರಿಸುತ್ತದೆ ಎಂಬುದನ್ನೂ ನಾನು ಟೈಪ್ ಮಾಡಿಯೇ ಬಲ್ಲೆ. ತಮಗಿರುವ ಸಂಕೋಚ ಕುರುಬನಿಗೋ ಗೊಲ್ಲನಿಗೋ ಇರಬಾರದು ಎಂದು ಯಾವ ಸುತ್ತೋಲೆಯಲ್ಲಿದೆ?

ನನ್ನ ಸೋದರತ್ತೆ ಹೊನ್ನಕ್ಕನ ಮನೆಗೆ ಬಂದಿದ್ದು ಕೊರಟಗೆರೆ ಕಡೆಯ ಅಶ್ವಿನಿ ಎಂಬ ಹುಡುಗಿ, ತಮ್ಮಲ್ಲಿ ಗುತ್ತಿಗೆಯ ಗಣತಿದಾರಳು. ಅತ್ತೆ ಆಕೆಗೆ ಮಜ್ಜಿಗೆ ಕೊಟ್ಟು ಕೂರಿಸಿದ್ದಾಳೆ. ಕುರಿ ಎಷ್ಟಿವೆ ಎಂದು ಕೇಳಿದ್ದಕ್ಕೆ, ‘ಎಲ್ಲಿ ಅವೆ ಕಣಮ್ಮ, ಏನೋ ದ್ಯಾವ್ರು ಕೊಟ್ಟಂಗೆ ಹೊಟ್ಟೆಪಾಡಿಗೆ ಅವೆ’ ಎಂದಿದ್ದಾಳೆ. ಪಕ್ಕದ ಮನೆಯವರು ಎಲ್ಲಾ ಮಾರಿಬಿಟ್ಟೆವು ಎಂದರಂತೆ. ಅದರಾಚೆಯ ಮನೆಯವರು ತೋಳದ ಪಾಲಾದವು ಎಂದರಂತೆ. ಪಾವಗಡದಲ್ಲಿ, ರಾಯಚರ್ಲು ಕಡೆ, ಸೋಲಾರ್ ಫಲಕಗಳ ಬೇಲಿ ಸುತ್ತಿ ಮಂದೆ ಹೊಡೆಯುವ ಕದರಪ್ಪ ಎಂಬ ಹಿರಿಯರು ಕೇಳಿದವರನ್ನೇ ತೆಲುಗಿನಲ್ಲಿ ವಿಚಾರಿಸಿಕೊಂಡು, ನಿಮಗೆ ಮಕ್ಕಳೆಷ್ಟು ಎಂದು ಕೇಳಿ ಕಳಿಸಿದರಂತೆ. ತಮ್ಮ ಟ್ಯಾಬ್‌ಗೆ ಈ ಮಾತುಗಳು ಬೇಡ, ಅಂಕಿ ಬೇಕು. ಅಂಕಿ ಇಲ್ಲದ ಕಡೆ ಅದು ಸೊನ್ನೆಯನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ನಾಲ್ಕು ತಾಲ್ಲೂಕಿನ ಹಟ್ಟಿಗಳಿಂದ ತಮಗೆ ಹೀಗೆ ಸೊನ್ನೆಗಳ ಸುಗ್ಗಿಯಾಯಿತು.

ಅಶ್ವಿನಿಯನ್ನು ನಾನು ದೂರುವುದಿಲ್ಲ. ಆಕೆ ಕೆಲಸ ಮಾಡಿದ್ದಾಳೆ. ಜನ ಕುರಿಯ ಸಂಖ್ಯೆ ಹೇಳಲು ಹಿಂಜರಿಯುತ್ತಿದ್ದಾರೆ, ಸಂಜೆ ಮಂದೆ ಬರುವ ಹೊತ್ತಿಗೆ ಬಂದು ನೋಡುವುದು ಒಳ್ಳೆಯದು ಎಂದು ಪ್ರತಿ ಮನೆಯ ಮುಂದೆಯೂ ಷರಾ ಕಾಲಂನಲ್ಲಿ ಬರೆದಿದ್ದಳಂತೆ. ಆ ಷರಾ ಎಲ್ಲಿ ಹೋಯಿತು? ಅದಕ್ಕೇ ವಿಶ್ಲೇಷಣೆ ಎಂಬ ಹಂತ ಇರುವುದು. ತಮ್ಮವರು ನನ್ನ ಸ್ಟೂಲಿನ ಮೇಲೆ ಕೂತು, ಷರಾ ಕಾಲಂ ಇಟ್ಟುಕೊಂಡರೆ ಟೇಬಲ್ ಪುಟದಿಂದ ಆಚೆ ಹೋಗುತ್ತದೆ, ಅದರಿಂದ ಚಾರ್ಟೂ ಬರುವುದಿಲ್ಲ ಎಂದು ಮಾತಾಡಿಕೊಂಡು ಅದನ್ನು ಅಳಿಸಿದರು. ಇಡೀ ಸಮೀಕ್ಷೆಯಲ್ಲಿ ಸತ್ಯವಿದ್ದದ್ದು ಆ ಒಂದು ಕಾಲಂನಲ್ಲಿ. ಪುಟದ ಅಗಲ ಸಾಲಲಿಲ್ಲವೆಂದು ಸತ್ಯವನ್ನು ಕತ್ತರಿಸಿದರಲ್ಲ, ಪುಟವನ್ನು ಅಡ್ಡಕ್ಕೆ ತಿರುಗಿಸಿಕೊಡಲು ನಾನಿರಲಿಲ್ಲವೇ? ಹೇಳಿಯೂ ಹೇಳಿದೆ. ಸಾಹೇಬರಿಗೆ ಅಡ್ಡ ಪುಟ ಇಷ್ಟವಾಗುವುದಿಲ್ಲ ಎಂಬ ಉತ್ತರ ಬಂತು.

ಆಮೇಲೆ ಮಂಡನೆ. ಮಧುಗಿರಿಯ ಸಭಾಂಗಣದಲ್ಲಿ ತಾವು ಪರದೆಯ ಮೇಲೆ ತೋರಿಸಿದ ಬಣ್ಣದ ಚಕ್ರವನ್ನು ಮರೆಯಲಾರೆ. ಅದರಲ್ಲಿ ಕುರಿ ಸಾಕಣೆ ಸೌತೆಕಾಯಿ ಸಿಪ್ಪೆಯಷ್ಟು ತೆಳ್ಳಗಿತ್ತು. ಕುರಿಯಿಲ್ಲದ ಕಡೆ ಕುರಿ ಡಾಕ್ಟರೇಕೆ ಎಂದು ತಾವು ಬಹಳ ತರ್ಕಬದ್ಧವಾಗಿ ಕೇಳಿದಿರಿ. ನಡುವೆ ಊಟದ ವಿರಾಮವಾಯಿತು. ಗಣ್ಯರಿಗೆ ಮಟನ್ ಬಿರಿಯಾನಿ ಶಿರಾದಿಂದಲೇ ಬಂದಿತ್ತು. ತಾವು ಎರಡನೇ ಸಲ ಹಾಕಿಸಿಕೊಂಡದ್ದನ್ನು ಕಣ್ಣಾರೆ ಕಂಡೆ. ನಾಲ್ಕು ತಾಲ್ಲೂಕಿನಲ್ಲೂ ಕುರಿ ಕ್ಷೀಣಿಸಿದ್ದರೆ ಆ ತಟ್ಟೆಯಲ್ಲಿದ್ದ ಪ್ರಾಣಿ ಯಾವುದು? ಶಿರಾದ ಸಂತೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಕುರಿ ತುಂಬಿರುತ್ತವಲ್ಲ, ಅವು ಮುಗಿಲಿನಿಂದ ಉದುರಿದವೇ? ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲುಂಟು. ತಾವು ಮಸಾಲೆ ಅರೆದು, ಉಂಡು, ಬಾಯಿ ಒರೆಸಿಕೊಂಡು, ಕುರಿಯೇ ಇಲ್ಲ ಎಂದಿರಿ.

ಊಟದ ಮೇಲೆ ಆಕ್ಷೇಪಣೆ ಇದ್ದವರು ಹೇಳಬಹುದು ಎಂದಿರಿ. ಆಗ ಹೊನ್ನಕ್ಕ ಎದ್ದಳು. ಡಾಕ್ಟರು ಹೋಗುತ್ತಾರೆಂದು ಕೇಳಿದ ದಿನದಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಹಿಂದೊಮ್ಮೆ ಮಳೆಗಾಲ ಮುಗಿಯುವಾಗ ನೀಲಿ ನಾಲಿಗೆ ರೋಗ ಬಂದು ಬಾಯಿ ಊದಿ, ಮಂದೆ ಮೇವು ಮುಟ್ಟದೆ ಮಲಗಿದ್ದಾಗ ರಂಗಸ್ವಾಮಿ ಡಾಕ್ಟರು ರೊಪ್ಪದಲ್ಲೇ ಕೂತು ಒಂದೊಂದರ ಬಾಯಿ ತೆರೆದು ಔಷಧಿ ಹಚ್ಚಿದ್ದರು. ಆಮೇಲಿನಿಂದ ತಪ್ಪದೆ ಲಸಿಕೆ ಹಾಕಿಸುತ್ತಿದ್ದವರೂ ಅವರೇ. ಅತ್ತೆ ಬೆಳಿಗ್ಗೆ ಬಸ್ಸಿಳಿದಾಗಲೇ ನನಗೆ ಹೇಳಿದ್ದಳು, ‘ಡಾಕ್ಟ್ರು ಉಳೀತಾರೆ ಅಂದ್ರೆ ನಾನು ಹೇಳ್ಬುಡ್ತೀನಿ ಕಣವ್ವ, ಆಗಿದ್ದಾಗ್ಲಿ.’ ನಾನು ಬೇಡವೆಂದೆ. ಕೇಳಲಿಲ್ಲ. ಮೈಕಿನ ಮುಂದೆ ಸೆರಗು ತಲೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, ತನ್ನ ಮಂದೆಯ ಲೆಕ್ಕವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು. ಆ ಸಂಖ್ಯೆಯನ್ನು ನಾನಿಲ್ಲಿ ಬರೆಯುವುದಿಲ್ಲ. ಸಭೆಯಲ್ಲಿದ್ದ ಹಟ್ಟಿಯ ಗಂಡಸರು ತಲೆ ತಗ್ಗಿಸಿದರು. ಪಾವಗಡದಿಂದ ಬಂದಿದ್ದ ಕದರಪ್ಪನವರು ‘ಎಂದುಕಮ್ಮಾ ಚೆಪ್ತಿವಿ’ ಎಂದು ನೊಂದು ಎದ್ದು ಹೊರನಡೆದರು. ಯಾಕಮ್ಮಾ ಹೇಳಿದೆ ಎಂದು.

ತಾವು ಏನೆಂದಿರಿ ನೆನಪಿದೆಯೇ? ‘ಮಾಹಿತಿ ಸಂಗ್ರಹದ ಹಂತ ಮುಗಿದಿದೆ ಅಜ್ಜಿ, ಪೋರ್ಟಲ್ ಲಾಕ್ ಆಗಿದೆ. ಮುಂದಿನ ಸಮೀಕ್ಷೆಯಲ್ಲಿ ಹೇಳಿ.’

ನನ್ನ ಅತ್ತೆಗೆ ಪೋರ್ಟಲ್ ಎಂದರೇನೆಂದು ತಿಳಿಯದು. ಲಾಕ್ ಎಂದರೆ ತಿಳಿಯಿತು. ಹಟ್ಟಿಗೆ ಮರಳುವ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು. ಅಂದು ನನಗೆ ತಮ್ಮ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಈ ಪತ್ರದ ವ್ಯಂಗ್ಯವೆಲ್ಲ ಆ ಸಿಟ್ಟನ್ನು ಸಭ್ಯವಾಗಿ ಕಾಣಿಸಲು ಹಚ್ಚಿದ ಪೌಡರ್ ಅಷ್ಟೇ.

ಈ ವರ್ಷ ಲಸಿಕೆ ಹಾಕುವವರು ಇರಲಿಲ್ಲ. ಮಳೆ ಚೆನ್ನಾಗಿ ಬಂತು, ನುಸಿಯೂ ಬಂತು. ಮೊದಲು ಹೊನ್ನಕ್ಕನ ಮಂದೆಯಲ್ಲೇ ಜೊಲ್ಲು ಸುರಿಸುತ್ತ, ಕುಂಟುತ್ತ ಒಂದೊಂದೇ ಕುರಿ ಮಲಗತೊಡಗಿದವು. ನಾನು ವಿಡಿಯೋ ಮಾಡಿ ರಂಗಸ್ವಾಮಿ ಡಾಕ್ಟರಿಗೆ ಕಳಿಸಿದೆ. ಅವರು ದೂರದ ಊರಿನಿಂದ ಫೋನ್ ಮಾಡಿ, ನೋಡಿದರೆ ನೀಲಿ ನಾಲಿಗೆಯಂತೆ ಕಾಣುತ್ತದೆ, ನುಸಿ ಕಚ್ಚಿ ಬರುವಂಥದ್ದು, ಪರೀಕ್ಷಿಸದೆ ಖಚಿತವಾಗಿ ಹೇಳಲಾರೆ, ಹತ್ತಿರದ ಡಾಕ್ಟರನ್ನು ಕರೆಸಿ ಎಂದರು. ಹತ್ತಿರದ ಡಾಕ್ಟರು ಎಂದರೆ ಯಾರು? ಇರುವವರೊಬ್ಬರಿಗೆ ಈಗ ಮೂರು ಕಡೆಯ ಹೊಣೆ. ಬರುತ್ತೇನೆಂದವರು ಇನ್ನೂ ಬಂದಿಲ್ಲ.

ನುಸಿಯಿಂದ ಬಂದ ಕಾಯಿಲೆ ಅತ್ತೆ, ನೀನು ಹೇಳಿದ್ದರಿಂದ ಅಲ್ಲ ಎಂದು ನಾನು ಹೇಳಿದೆ. ಸತ್ತ ಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವಳು ನನ್ನ ಮುಖವನ್ನೂ ನೋಡಲಿಲ್ಲ. ‘ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಕಣವ್ವ. ಅಷ್ಟು ಜನದ ಮುಂದೆ ನಾನೇ ಬಾಯಿ ಬುಟ್ನಲ್ಲ, ನನ್ನ ಕೈಯಾರೆ ನಾನೇ ಕೊಂದ್ಬುಟ್ಟೆ’ ಎಂದಳು.

ಸತ್ಯ ಹೇಳಿದ್ದಕ್ಕೆ ತನ್ನ ಮಂದೆ ಸಾಯುತ್ತಿದೆ ಎಂದು ನಂಬಿ ಕೂತಿರುವ ಹೆಂಗಸನ್ನು ತಾವು ಯಾವ ಚಾರ್ಟಿನಲ್ಲಿ ಯಾವ ಬಣ್ಣದಲ್ಲಿ ತೋರಿಸುತ್ತೀರಿ? ಅವಳದು ಮೂಢನಂಬಿಕೆ ಎಂದು ನಗಬೇಡಿ. ಅದನ್ನು ಸುಳ್ಳು ಮಾಡಬಲ್ಲವರು ಇದ್ದದ್ದು ಒಬ್ಬರೇ, ಅವರನ್ನು ಕಳಿಸಿದವರು ತಾವು. ಇನ್ನು ಮುಂದೆ ನಮ್ಮ ಹಟ್ಟಿಯಲ್ಲಿ ಯಾರಾದರೂ ಸರ್ಕಾರಿ ಪ್ರಶ್ನೆಗೆ ನಿಜ ಹೇಳಿಯಾರೆಂದು ತಮಗೆ ಅನ್ನಿಸುತ್ತದೆಯೇ? ಹೊನ್ನಕ್ಕ ಹೇಳಿದಳು, ಏನಾಯಿತು ನೋಡು ಎನ್ನುವ ಮಾತು ಆಗಲೇ ಶಿರಾದವರೆಗೆ ಹೋಗಿದೆ. ತಮ್ಮ ವಿಶ್ಲೇಷಣೆ ನಮ್ಮ ಹಳೆಯ ನಂಬಿಕೆಯನ್ನು ಇನ್ನೂ ಕೆಲವು ತಲೆಮಾರಿಗೆ ಗಟ್ಟಿ ಮಾಡಿಕೊಟ್ಟಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅಳಿಸಿದ ಷರಾ ಕಾಲಂ ಅನ್ನು ವರದಿಗೆ ಮರಳಿ ಸೇರಿಸಿ, ತಪ್ಪಾಗಿದೆ ಎಂದು ಅದೇ ಸಭಾಂಗಣದಲ್ಲಿ ಒಪ್ಪಿಕೊಳ್ಳಿ. ಚಿಕಿತ್ಸಾಲಯದ ಬೀಗ ತೆಗೆಸಿ. ಇವೆರಡಕ್ಕೆ ಕಡತ ಓಡಾಡಬೇಕೆಂದರೆ ಓಡಾಡಲಿ. ಆದರೆ ಈ ವಾರವೇ ಒಬ್ಬ ಡಾಕ್ಟರನ್ನು ನಮ್ಮ ರೊಪ್ಪಕ್ಕೆ ಕಳಿಸಿ. ಅವರು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ಕಣ್ಣೆದುರಿಗೇ ಕುರಿಯ ಬಾಯಿ ತೆರೆದು ತೋರಿಸಿ, ಇದು ಕಾಯಿಲೆ, ನಿನ್ನ ಮಾತಿನಿಂದ ಬಂದದ್ದಲ್ಲ ಎಂದು ಹೇಳಲಿ. ನನ್ನ ಮಾತನ್ನು ಅವಳು ನಂಬುವುದಿಲ್ಲ, ಡಾಕ್ಟರ ಮಾತನ್ನು ನಂಬುತ್ತಾಳೆ.

ಡಾಕ್ಟರ ಬದಲು ಮತ್ತೆ ಗಣತಿಯವರನ್ನು ಕಳಿಸುವುದಾದರೆ ಅವರಿಗೆ ಈ ಸಲ ಕಷ್ಟವಾಗುವುದಿಲ್ಲ. ಎಷ್ಟಿವೆ ಎಂದರೆ ಅತ್ತೆ ಹಿಂದೆಮುಂದೆ ನೋಡದೆ ಹೇಳಿಬಿಡುತ್ತಾಳೆ, ಕಣ್ಣು ಬೀಳಲು ಹೆಚ್ಚೇನೂ ಉಳಿದಿಲ್ಲ. ತಮ್ಮ ವರದಿ ದಿನದಿಂದ ದಿನಕ್ಕೆ ನಿಜವಾಗುತ್ತ ಬಂದಿದೆ.

ಇಂತಿ,
ತಮ್ಮ ಲೆಕ್ಕದ ಪ್ರಕಾರ ಎಂದೂ ಇಲ್ಲದಿದ್ದ ಮಂದೆಯೊಂದರ ಮನೆಮಗಳು,
ಲೋಹಿತಾ
ಮಧುಗಿರಿ