ಕಾರಿಗೆ ಮಡಿಲು ತುಂಬಿದ್ದು

ಏಪ್ರಿಲ್ 6, ಸೋಮವಾರ

ಚಾರ್ಜ್ 81. ಟಯರಿನ ಗಾಳಿ ಸರಿ. ಎದುರಿನ ಗ್ಲಾಸಿನ ಮೇಲೆ ಪಾರಿವಾಳದ ಹಿಕ್ಕೆ, ಮಾಮೂಲು. ಅಪ್ಪನ ಹಳೇ ಪಂಚೆಯ ಚಿಂದಿಯಿಂದ ಒರೆಸಿದೆ. ಪಂಚೆ ಸವೆದರೆ ಅಮ್ಮ ಎಸೆಯುವವಳಲ್ಲ. ಚೌಕವಾಗಿ ಹರಿದು, ಹಸಿರು ಅಂಚು ಮೇಲೆ ಬರುವ ಹಾಗೆ ಮಡಿಸಿಡುತ್ತಾಳೆ. ತುಪ್ಪ ಸೋಸಲು ಒಂದು, ದೇವರ ಪಾತ್ರೆ ಒರೆಸಲು ಒಂದು, ಕಾರಿಗೆ ಮೂರು.

ಆಫೀಸಿನಲ್ಲಿ ಎಚ್.ಆರ್.ನ ಪ್ರಣಮ್ಯಾ ಒಳಗೆ ಕರೆದು ಬಾಗಿಲು ಹಾಕಿದಳು. ಆಫೀಸಿನಿಂದ ಲೀಸಿಗೆ ಸಿಕ್ಕಿದ್ದ ಈ ಕಾರನ್ನು ನಾನೇ ಕೊಳ್ಳುತ್ತೇನೆಂದು ಕೊಟ್ಟಿದ್ದ ಫಾರ್ಮ್ ರಿಜೆಕ್ಟ್. ತಡವಾಯಿತಂತೆ. ಲೀಸ್ ಮುಗಿಯಲು ಅರವತ್ತು ದಿನ ಇರುವಾಗಲೇ ತಲುಪಬೇಕಿತ್ತಂತೆ. ಫೆಬ್ರವರಿ ಒಂಬತ್ತಕ್ಕೇ ಕೊಟ್ಟಿದ್ದೆನಲ್ಲ — ನನ್ನ ಮ್ಯಾನೇಜರ್ ಮೋಹನ್ ಕೈಗೆ! ಒಂದು ಸಹಿ ಹಾಕಿ ಮುಂದಕ್ಕೆ ಕಳಿಸುವುದಷ್ಟೇ ಅವನ ಕೆಲಸ. ಡ್ರಾಯರಿನೊಳಗೆ ಇಟ್ಟುಕೊಂಡು ಕೂತ.

ಈಗ 30ನೇ ತಾರೀಖು ಕಾರು ವಾಪಸ್ ಮಾಡಬೇಕು. ವಾಪಸ್ ಬಂದ ಕಾರು ಬೇಕಾದರೆ ನಮ್ಮ ಆಫೀಸಿನವರಿಗೇ ಮೊದಲ ಅವಕಾಶ. ಈಗಾಗಲೇ ಒಬ್ಬರು ಹೆಸರು ಕೊಟ್ಟಿದ್ದಾರೆ. ಯಾರು? ಅವನೇ. ಮಗಳು ಶ್ರೀಯಾ ಕಾಲೇಜಿಗೆ ಹೋಗಿಬರಲು.

ನೇರ ಹೋಗಿ ಕೇಳಿದೆ. "ಅಯ್ಯೋ ಸುಮೇಧಾ, ಮರಂದೇ ಪೋಯ್ಟೇನ್!" ಎಂದ. ಮರೆತೇ ಹೋಯಿತಂತೆ. ತನ್ನ ಹೆಸರು ಬರೆಸಲು ಮಾತ್ರ ಮರೆಯಲಿಲ್ಲ.

ಏಪ್ರಿಲ್ 7, ಬೆಳಗ್ಗೆ

ನಿದ್ದೆ ಇಲ್ಲ. ಹಲ್ಲು ಕಡಿದೂ ಕಡಿದೂ ದವಡೆ ನೋವು.

ಇದು ಬರೀ ಕಾರಿನ ವಿಷಯ ಅಲ್ಲ. ಬರೆದುಬಿಡುತ್ತೇನೆ. ಕಳೆದ ಸೆಪ್ಟೆಂಬರ್. ಅಪ್ಪ ಇಲ್ಲೇ ಮದರಾಸಿನ ಪೋರೂರಿನ ಆಸ್ಪತ್ರೆಯಲ್ಲಿ. ಮೂರು ಗಂಟೆಗೆ ಅಮ್ಮನ ಫೋನು — ಬೇಗ ಬಾ. ಮೋಹನ್‌ಗೆ ಹೇಳಿದೆ. ರಿವ್ಯೂ ಮುಗಿಸಿಕೊಂಡು ಹೋಗು ಎಂದ. "ಪೋರೂರ್‌ದಾನೇ, ಎಂಗ ಓಡಿಪ್ಪೋಗುದು?" ಪೋರೂರು ಎಲ್ಲಿಗೂ ಓಡಿಹೋಗಲಿಲ್ಲ, ನಿಜ. ಅಪ್ಪ ಹೋದ. ನಾನು ತಲುಪುವ ಇಪ್ಪತ್ತು ನಿಮಿಷ ಮೊದಲು.

ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಅದಕ್ಕೂ ಅವನ ಮೇಲೇ ಸಿಟ್ಟು.

ಏಪ್ರಿಲ್ 12, ಭಾನುವಾರ

ಮಧ್ಯಾಹ್ನ ಅಮ್ಮ ಮನೆಯಲ್ಲಿಲ್ಲ. ಮೊಬೈಲು ಟೇಬಲ್ ಮೇಲೆ. ಗಾಬರಿಯಾಗಿ ಕೆಳಗಿಳಿದರೆ ಪಾರ್ಕಿಂಗಿನಲ್ಲಿ ನಮ್ಮ ಕಾರಿನೊಳಗೆ ಕೂತಿದ್ದಾಳೆ. ಹಿಂದಿನ ಸೀಟು, ಅದೇ ಅವಳ ಜಾಗ. ಮುಂದಿನ ಸೀಟಿನ ಬೆಲ್ಟನ್ನು ಎಳೆದು ಮಡಿಲಲ್ಲಿ ಹಾಕಿಕೊಂಡಿದ್ದಾಳೆ.

"ಏನಮ್ಮಾ ಇದು, ಈ ಸೆಕೆಯಲ್ಲಿ?"

"ಏನಿಲ್ಲ ಮೇಧಾ, ಸುಮ್ನೆ ಕೂತಿದ್ದೆ. ನೀನು ಹೋಗು, ರಸ ಬಿಸಿ ಮಾಡು."

ಆ ಬೆಲ್ಟಿಗೆ ಅಪ್ಪನ ನಶ್ಯದ ವಾಸನೆ. ಸಿಗ್ನಲ್ ಬಿದ್ದರೆ ಸಾಕು, ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ ಬೆರಳನ್ನು ಬೆಲ್ಟಿಗೆ ಒರೆಸುತ್ತಿದ್ದ. ಎಷ್ಟು ಬೈದಿದ್ದೇನೆ! ಈಗ ಕಂದು ಕಲೆ ಹಾಗೇ ಇದೆ. ವಾಸನೆಯೂ. ನಾನು ಒಬ್ಬಳೇ ಮೂಸುತ್ತೇನೆ ಎಂದುಕೊಂಡಿದ್ದೆ. ಅಮ್ಮನೂ ಮೂಸುತ್ತಾಳೆ. ಎಷ್ಟು ದಿನದಿಂದಲೋ. ಕಾರಿನ ಇನ್ನೊಂದು ಕೀ ಅವಳ ಸೆರಗಿನ ತುದಿಯಲ್ಲಿತ್ತು.

ಬೆಲ್ಟ್ ಕತ್ತರಿಸಿ ಇಟ್ಟುಕೊಳ್ಳಲೇ ಎನ್ನಿಸಿತು. ಆಗದು. ಇನ್ಸ್‌ಪೆಕ್ಷನ್ ಪಟ್ಟಿಯಲ್ಲಿ ಐದು ಬೆಲ್ಟ್ ಎಂದೇ ಇದೆ.

ಮೋಹನ್, ನಿನ್ನ ಹೊಟ್ಟೆ ತಣ್ಣಗಿರುವುದಿಲ್ಲ. ನೋಡ್ತಾ ಇರು.

ಏಪ್ರಿಲ್ 16

ಅವನ ಮೇಜಿನ ಮೇಲೆ ನಮ್ಮ ಕಾರಿನ ಬಣ್ಣಕ್ಕೆ ಹೊಂದುವ ಸೀಟ್ ಕವರಿನ ಕೆಟಲಾಗು. ನನ್ನನ್ನೇ ಕರೆದು ಕೇಳುತ್ತಾನೆ — ಒಂದು ಚಾರ್ಜಿಗೆ ನಿಜವಾಗಿ ಎಷ್ಟು ಓಡುತ್ತೆ? ಎ.ಸಿ. ಚೆನ್ನಾಗಿದೆಯಾ?

ಚೆನ್ನಾಗಿದೆ ಸರ್ ಎಂದೆ. ನಗುತ್ತಾ.

ಏಪ್ರಿಲ್ 28, ಮಂಗಳವಾರ

ಹನ್ನೆರಡು ದಿನ ಯೋಚಿಸಿದೆ. ಗೀರಿದರೆ, ಗುದ್ದಿದರೆ ನನ್ನ ತಲೆಗೇ ಬರುತ್ತದೆ. ಬ್ಯಾಟರಿ ಹಾಳು ಮಾಡಿದರೆ ರಿಪೋರ್ಟಿನಲ್ಲಿ ಗೊತ್ತಾಗುತ್ತದೆ.

ಇವತ್ತು ಕ್ಯಾಂಟೀನಿನಲ್ಲಿ ಯಾರೋ ಮೀನಿನ ಡಬ್ಬಿ ತೆರೆದರು. ಮೂಗು ಮುಚ್ಚಿಕೊಂಡು ಮೂರು ಟೇಬಲ್ ಆಚೆ ಓಡಿದೆ. ಓಡುತ್ತಾ ಓಡುತ್ತಾ ಹೊಳೆಯಿತು.

ಗ್ಲೋವ್ ಬಾಕ್ಸ್ ಬಿಚ್ಚಿದರೆ ಹಿಂದೆ ಎ.ಸಿ. ಫಿಲ್ಟರ್. ಕಳೆದ ಸರ್ವಿಸಿನಲ್ಲಿ ಮೆಕ್ಯಾನಿಕ್ ತೋರಿಸಿದ್ದ. ಎರಡು ಕ್ಲಿಪ್ ಒತ್ತಿದರೆ ಸಾಕು. ಅಲ್ಲೊಂದು ಸಂದು. ಎ.ಸಿ. ಹಾಕಿದರೆ ಗಾಳಿ ಅದನ್ನು ದಾಟಿಯೇ ಮುಖಕ್ಕೆ ಬರಬೇಕು.

ನಮ್ಮ ಮನೆಯಲ್ಲಿ ಏಕಾದಶಿಗೆ ಅನ್ನದ ಮಾತೇ ಇಲ್ಲ. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದು ಪದಾರ್ಥ ಬಿಡುತ್ತೇವೆ. ಅಂಥ ಮನೆಯ ಮಗಳು ಮೀನು ಕೊಳ್ಳಲು ಹೋಗುತ್ತೇನೆ. ಹೋಗುತ್ತೇನೆ! ನೆನೆದರೆ ಮೈ ಜುಮ್ಮೆನ್ನುತ್ತದೆ, ಖುಷಿಯೂ ಆಗುತ್ತದೆ.

ಆ ಹುಡುಗಿ ಶ್ರೀಯಾ ಏನು ಮಾಡಿದ್ದಾಳೆ ಪಾಪ... ಇರಲಿ. ನನ್ನಪ್ಪ ಏನು ಮಾಡಿದ್ದ?

ಏಪ್ರಿಲ್ 30, ಗುರುವಾರ, ಮಧ್ಯಾಹ್ನ 1

ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ.

ಬೆಳಗ್ಗೆ ಆರಕ್ಕೆ ಹೊರಟೆ. ಕೋಯಂಬೇಡಿಗೆ ಹೋಗಿ ಹೂವು ತರುತ್ತೇನೆ ಎಂದು ಅಮ್ಮನಿಗೆ ಹೇಳಿದ್ದೆ. ಹೋದದ್ದು ಪೋರೂರಿಗೆ. ಗುರುತಿನವರು ಸಿಗುವುದಿಲ್ಲ ಅಂತ. ಆಸ್ಪತ್ರೆಯ ಮುಂದೆಯೇ ದಾರಿ. ಆ ಕಡೆ ತಿರುಗಿ ನೋಡಲಿಲ್ಲ.

ರಸ್ತೆ ಬದಿಯ ಮೀನಂಗಡಿ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಒಣಮೀನು ತೋರಿಸಿ, ಇದು ಎಷ್ಟು ದಿನಕ್ಕೆ ಕೊಳೆಯುತ್ತೆ ಎಂದು ಕೇಳಿದೆ. ಮೀನಮ್ಮ ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಕರುವಾಡು ಕೆಟ್ಟುಪ್ಪೋಗಾದಮ್ಮಾ! ಅದುಕ್ಕುದಾನೇ ಕಾಯವೆಕ್ಕರೋಂ."

ಕೆಡಬಾರದು ಅಂತಲೇ ಒಣಗಿಸುವುದಂತೆ. ನನಗೇನು ಗೊತ್ತು! ನಲವತ್ತಾರು ವರ್ಷ ಮದರಾಸಿನಲ್ಲಿದ್ದು ಇಷ್ಟೂ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಕಿಸಕ್ಕನೆ ನಕ್ಕಳು. "ಅಯ್ಯರಮ್ಮಾ ಪೋಲಿರುಕ್ಕು." ಬ್ರಾಹ್ಮಣರ ಮನೆಯವಳಿರಬೇಕಂತೆ. ಕೊನೆಗೆ ಐಸಿನ ಮೇಲಿದ್ದ ಹಸಿ ನೆತ್ತಿಲಿ ಕಾಲು ಕೆಜಿ. ಬೆರಳುದ್ದದ ಬೆಳ್ಳಿ ಬಣ್ಣದ ಮೀನು. ಎಲ್ಲದಕ್ಕೂ ಕಣ್ಣಿತ್ತು.

ಪ್ಲಾಸ್ಟಿಕ್ಕಿನಲ್ಲಿಟ್ಟರೆ ವಾಸನೆ ಹೊರಬರುವುದಿಲ್ಲ. ಕೆರೆಯ ಪಕ್ಕ ಕಾರು ನಿಲ್ಲಿಸಿ, ಗ್ಲಾಸ್ ಒರೆಸುವ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿ ಒಳಗೆ ತುರುಕಿದೆ. ಕಣ್ಣು ಮುಚ್ಚಿಕೊಂಡೇ. ಒಂದು ಸಲ ವಾಂತಿಯಾಯಿತು. ಮನೆಗೆ ಬಂದವಳು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಂಡೆ.

"ಏನೇ, ಬೆಳಗ್ಗೇನೇ ತಲೆಗೆ? ಹೂವೆಲ್ಲಿ?"

"ಸಿಗಲಿಲ್ಲ."

ಹತ್ತೂವರೆಗೆ ಲೀಸಿಂಗ್ ಕಂಪನಿಯ ಇನ್ಸ್‌ಪೆಕ್ಟರ್ ಸಂಜೀವ ಟ್ಯಾಬ್ ಹಿಡಿದು ಬಂದ. ಬಣ್ಣ, ಟಯರು, ಚಾರ್ಜಿಂಗ್ ಕೇಬಲ್ಲು, ಬ್ಯಾಟರಿ 93 ಪರ್ಸೆಂಟ್. ಒಳಗೆ ಕೂತು ಎ.ಸಿ. ಹಾಕಿದ. ನನಗೆ ಇಡೀ ಪಾರ್ಕಿಂಗೇ ನಾರುತ್ತಿತ್ತು. ಅವನ ಮೂಗಿಗೆ ಏನೂ ಬಡಿಯಲಿಲ್ಲ. ಮೀನು ಇನ್ನೂ ಹೊಸದು. "ಬೆಲ್ಟಿನಲ್ಲಿ ಕಲೆ ಇದೆ ಮೇಡಂ," ಎಂದು ಮಾತ್ರ ಬರೆದುಕೊಂಡ.

ಆಗ ಅಮ್ಮ ಲಿಫ್ಟಿನಿಂದ ಇಳಿದಳು. ಕೈಯಲ್ಲಿ ತಟ್ಟೆ. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ರವಿಕೆ ಕಣ.

"ನಾಲ್ಕು ವರ್ಷ ಮನೇಲಿದ್ದದ್ದು. ಬರೀ ಮಡಿಲಲ್ಲಿ ಕಳಿಸಬಾರದು. ನಾನು ಕುಂಕುಮ ಹಚ್ಚೋ ಹಾಗಿಲ್ವಲ್ಲ, ನೀನೇ ಹಚ್ಚು, ಮೇಧಾ."

ತವರಿನಿಂದ ಹೊರಟ ಹೆಣ್ಣುಮಕ್ಕಳಿಗೆ ತುಂಬುವ ಮಡಿಲು. ಕಾರಿಗೆ! ಸಂಜೀವ ಚಪ್ಪಲಿ ಬಿಟ್ಟು ನಿಂತ. ಕುಂಕುಮ ಹಚ್ಚಿದೆ. ಅಪ್ಪನ ಸೀಟಿನ ಮೇಲೆ ರವಿಕೆ ಕಣ ಹರಡಿ ಅಕ್ಕಿ, ಕಾಯಿ ಇಟ್ಟೆ. ಗ್ಲೋವ್ ಬಾಕ್ಸಿನಿಂದ ಒಂದು ಮೊಳ ದೂರ. ಅಮ್ಮ ಬೆಲ್ಟನ್ನು ಒಂದು ಸಲ ಸವರಿ ಹಿಂದೆ ಸರಿದಳು.

ಸದ್ದಿಲ್ಲದೆ ಹೋಯಿತು. ಊರಾಚೆ ಮಣಲಿಯಲ್ಲಿರುವ ಲೀಸಿಂಗ್ ಕಂಪನಿಯ ಯಾರ್ಡಿಗೆ.

ಮೇ 4

ಇಲ್ಲಿನವರು ಕತ್ತಿರಿ ಎನ್ನುವ ಕಡು ಬೇಸಿಗೆ ಶುರು. ಇಪ್ಪತ್ತೈದು ದಿನ ಬೆಂಕಿ ಬಿಸಿಲು. ಪೇಪರ್ ಓದಿ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಉರಿ, ಉರಿ, ಚೆನ್ನಾಗಿ ಉರಿ.

ಮೇ 11, ಸೋಮವಾರ

ಆಹಾ!

ಮೋಹನ್ ಶನಿವಾರ ಹೆಂಡತಿ ಮಗಳ ಜೊತೆ, ಮಾಲೆ ತೆಗೆದುಕೊಂಡು, ಕಾರು ತರಲು ಮಣಲಿಗೆ ಹೋಗಿದ್ದನಂತೆ. ಬಾಗಿಲು ತೆರೆದು ಎ.ಸಿ. ಹಾಕಿದರೆ... ಶ್ರೀಯಾ ಅಲ್ಲೇ ವಾಂತಿ ಮಾಡಿಕೊಂಡಳಂತೆ. "ಎಲಿ ಸೆತ್ತುಪ್ಪೋಚ್ಚು ಪೋಲ," ಎಂದು ಇಡೀ ಫ್ಲೋರಿಗೆ ಹೇಳುತ್ತಿದ್ದ. ಒಳಗೆ ಇಲಿ ಸತ್ತಿದೆಯಂತೆ. ಹೆಂಡತಿ ಅಪಶಕುನ ಎಂದಳಂತೆ. ಕಾರು ಬೇಡ ಅಂತ ಬರೆದುಕೊಟ್ಟು ಬಂದನಂತೆ.

"ಅಯ್ಯೋ ಪಾಪ ಸರ್," ಎಂದೆ. ಕ್ಯಾಂಟೀನಿಗೆ ಹೋಗಿ ಎರಡು ಮೈಸೂರ್‌ಪಾಕು ತಿಂದೆ. ಎಂಟು ತಿಂಗಳಲ್ಲಿ ಮೊದಲ ಸಲ ಸಿಹಿ ಸಿಹಿಯಾಗಿತ್ತು. ಅಪ್ಪಾ, ನೋಡಿದೆಯಾ?

ರಾತ್ರಿ ಒಳ್ಳೆ ನಿದ್ದೆ ಬರುತ್ತದೆ ಇವತ್ತು.

ಮೇ 19, ಮಂಗಳವಾರ

ಸಂಜೀವನ ಫೋನು. "ಮೇಡಂ, ಗುಡ್ ನ್ಯೂಸ್. ಮೋಹನ್ ಸರ್ ಬೇಡ ಎಂದರಲ್ಲ, ಪ್ರಣಮ್ಯಾ ಮೇಡಂ ನಿಮ್ಮ ಫಾರ್ಮ್ ಮತ್ತೆ ಕಳಿಸಿದ್ದಾರೆ. ಅಪ್ರೂವ್ ಆಗಿದೆ. ಶನಿವಾರ ಬಂದು ಕಾರು ತೆಗೆದುಕೊಂಡು ಹೋಗಿ."

ಮೋಹನ್ ಈ ಸಲ ಎರಡೇ ನಿಮಿಷದಲ್ಲಿ ಸಹಿ ಹಾಕಿದನಂತೆ.

ಕಾರು ನಮ್ಮದು. ಅಪ್ಪನ ಸೀಟು ನಮ್ಮದು. ಆಮೇಲೆ ಬೆಲ್ಟ್ ನೆನಪಾಯಿತು. ಮುಚ್ಚಿದ ಕಾರು, ಹತ್ತೊಂಬತ್ತು ದಿನ, ಮಣಲಿಯ ಬಿಸಿಲು.

"ಒಳಗೆ ವಾಸನೆ..." ಎಂದೆ.

"ಇನ್ನೂ ಇದೆ ಮೇಡಂ. ಸೀಟಿಗೆ, ಬೆಲ್ಟಿಗೆ ಎಲ್ಲಾ ಹಿಡಿದುಬಿಟ್ಟಿದೆ. ಶಾಂಪೂ ವಾಶ್ ಮಾಡಿಸ್ತೀವಿ."

ಬೆಲ್ಟ್ ತೊಳೆಯಬೇಡಿ ಎಂದೆ. ಯಾಕೆ ಎಂದ. ನೆಟ್ವರ್ಕ್ ಸರಿಯಿಲ್ಲ ಎಂದು ಫೋನು ಇಟ್ಟೆ.

ಮೇ 20

ಅಮ್ಮನಿಗೆ ಯಾರು ಹೇಳಿದರೋ. ಪ್ರಣಮ್ಯಾಳೇ ಮನೆಗೆ ಫೋನು ಮಾಡಿರಬೇಕು. ನಾಲ್ಕು ನಿಂಬೆಹಣ್ಣು ಆಗಲೇ ದೇವರ ಮುಂದೆ. ಒಬ್ಬಳೇ ಹೋಗಿ ತರುತ್ತೇನೆ, ದೂರ, ಬಿಸಿಲು ಎಂದೆ. ಕೇಳುವುದಿಲ್ಲ.

"ಇರೋ ತನಕ ಹಿಂದೇನೇ ಕೂತೆ. ಈ ಸಲ ಅವರ ಸೀಟಲ್ಲಿ ಕೂತ್ಕೊಂಡು ಬರ್ತೀನಿ ಕಣೇ."

ಅಮ್ಮ ನಕ್ಕದ್ದು ನೋಡಿ ಎಷ್ಟು ದಿನವಾಗಿತ್ತು. ನನ್ನ ಕೈಯನ್ನೇ ಕಡಿದುಕೊಳ್ಳಬೇಕು ಎನ್ನಿಸಿತು.

ಮೇ 23, ಶನಿವಾರ, ಸಂಜೆ 5

ಮುಂಚೆಯೇ ಒಬ್ಬಳೇ ಹೋಗಿ ಆ ಮೀನಿನ ಗಂಟು ತೆಗೆದುಬಿಡೋಣ ಎಂದು ನಿನ್ನೆ ರಜೆ ಕೇಳಿದೆ. ಮೋಹನ್ ಕೊಡಲಿಲ್ಲ. ರಿವ್ಯೂ ಇತ್ತು. ಈ ಸಲವೂ ಎದ್ದು ಹೋಗಲಿಲ್ಲ.

ಇವತ್ತು ಯಾರ್ಡಿಗೆ ಹೋದಾಗ ನಾಲ್ಕೂ ಬಾಗಿಲು ತೆರೆದು ನಿಲ್ಲಿಸಿದ್ದರು. ಹತ್ತು ಅಡಿ ದೂರಕ್ಕೇ ರಪ್ಪನೆ ಹೊಡೆಯಿತು. ಅಮ್ಮ ಸೆರಗು ಮೂಗಿಗೆ ಹಿಡಿದುಕೊಂಡಳು, ಆದರೂ ನಡೆದಳು. ಸೀದಾ ಮುಂದಿನ ಸೀಟಿಗೆ. ಬೆಲ್ಟ್ ಎಳೆದಳು. ಸೆರಗು ಸರಿಸಿ ಬೆಲ್ಟನ್ನು ಮುಖದ ಹತ್ತಿರ ಹಿಡಿದಳು. ಒಂದು ಸಲ. ಇನ್ನೊಂದು ಸಲ, ಇನ್ನೊಂದು ತುದಿ. ಮತ್ತೆ ಬಿಟ್ಟಳು. ಅದು ಸರ್ರನೆ ಒಳಗೆ ಹೋಯಿತು.

"ಇಲ್ಲ ಮೇಧಾ," ಎಂದಳು. ಅಷ್ಟೇ.

ಸಂಜೀವ ಮೆಕ್ಯಾನಿಕ್‌ನ ಕರೆಸಿದ್ದ. ಇಲಿ ಎಲ್ಲಿದೆ ನೋಡಿಯೇಬಿಡೋಣ ಅಂತ. ಬೇಡ, ಮನೆಯಲ್ಲಿ ನೋಡಿಕೊಳ್ಳುತ್ತೇನೆ ಎಂದು ನಾನು ಹೇಳುತ್ತಿದ್ದಂತೆಯೇ ಗ್ಲೋವ್ ಬಾಕ್ಸ್ ಬಿಚ್ಚಿದ. ಇಕ್ಕಳ ಹಾಕಿ ಎಳೆದ. ಕಪ್ಪಾದ ಒಂದು ಗಂಟು. ನೆಲಕ್ಕೆ ಹಾಕಿ ಕಾಲಿನಿಂದ ಬಿಡಿಸಿದ. ಸಂಜೀವ ಒಂದು ಸಲ ಅದನ್ನು ನೋಡಿದ, ಒಂದು ಸಲ ನನ್ನನ್ನು. ಟ್ಯಾಬ್ ಮುಚ್ಚಿಕೊಂಡು ಆಚೆ ಹೋದ.

ಅಮ್ಮ ಮೀನು ನೋಡಲಿಲ್ಲ. ಬಟ್ಟೆಯನ್ನು ನೋಡಿದಳು. ಹಸಿರು ಅಂಚು. ತಾನೇ ಹರಿದದ್ದು, ತಾನೇ ಮಡಿಸಿದ್ದು.

ನನಗೂ ಆಗಲೇ ಕಂಡದ್ದು. ದೇವರಾಣೆ, ಆಗಲೇ. ಅವತ್ತು ಕೈಗೆ ಸಿಕ್ಕ ಬಟ್ಟೆ ಅಂತ ಅಷ್ಟೇ...

ಮೀನಂಗಡಿಯ ಬೀದಿಯಲ್ಲೇ ನಡೆಯದ ಅಮ್ಮ ಬಗ್ಗಿ, ಬರಿಗೈಯಲ್ಲಿ ಆ ಬಟ್ಟೆ ಎತ್ತಿಕೊಂಡಳು. ಕೊಡವಿದಳು. ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಅಪ್ಪನ ಸೀಟಿನಲ್ಲೇ. ಮಣಲಿಯಿಂದ ಮನೆತನಕ ಕಿಟಕಿ ತೆರೆದೇ ಬಂದೆವು.

ಬಂದಾಗಿನಿಂದ ಬಚ್ಚಲಲ್ಲಿ ಒಗೆಯುತ್ತಿದ್ದಾಳೆ. ಒಂದು ಗಂಟೆಯ ಮೇಲಾಯಿತು. ಸೋಪು, ಕುಕ್ಕುವ ಸದ್ದು, ನೀರು, ಮತ್ತೆ ಸೋಪು.

ಇಲಿ ಎಂದು ಹೇಳುವ ಹಾಗಿಲ್ಲ. ಮೋಹನ್ ಎಂದು ಶುರು ಮಾಡಿದರೆ ಅಪ್ಪ ಹೋದ ದಿನ ನಾನು ಎಲ್ಲಿದ್ದೆ ಎನ್ನುವುದೂ ಹೇಳಬೇಕು. ಅಮ್ಮನಿಗೆ ಇವತ್ತಿಗೂ ಟ್ರಾಫಿಕ್ ಎಂದೇ ಹೇಳಿದ್ದೇನೆ.

ನೀರು ನಿಂತಿತು. ಬಾಗಿಲ ಚಿಲಕ. ಒದ್ದೆ ಕಾಲಿನ ಸದ್ದು ಈ ಕಡೆಗೇ—