ಕೈಗವಸಿನ ನಿಂಬೆ

ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ

ಅಕ್ಕಾ, ಮೊದಲು ಕೂತುಕೋ, ಆಮೇಲೆ ಓದು.

ಯಾರಿಗೂ ಏನೂ ಆಗಿಲ್ಲ. ಗಾಬರಿಯೆಲ್ಲ ನನ್ನದೇ, ಅದೂ ಸಂತೋಷದ ಗಾಬರಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರವಣಿಗೆ, ಹಿಂದುಮುಂದಾಗಿದ್ದರೆ ನೀನೇ ಹೊಂದಿಸಿಕೋ.

ನಾನು ಗುಡಿಸಿ ಒರೆಸುವುದು ದೊಡ್ಡ ಕಾದಂಬರಿಕಾರರೊಬ್ಬರ ಮನೆ, ನಿನಗೆ ಗೊತ್ತೇ ಇದೆ. ಅವರು ಹೋಗಿ ನೂರು ವರ್ಷವಾಯಿತು, ಮನೆ ಮ್ಯೂಸಿಯಂ ಆಯಿತು. ಜನ ಬರುವುದು ಪುಸ್ತಕ ನೋಡಲಿಕ್ಕಲ್ಲ, ಅವರ ಕೈಗವಸು ಮೂಸಲಿಕ್ಕೆ. ಅದನ್ನು ಮೂಸದೆ ಅವರಿಗೆ ಒಂದು ಸಾಲೂ ಹೊಳೆಯುತ್ತಿರಲಿಲ್ಲವಂತೆ. ಒಮ್ಮೆ ಹೊಲಿಗೆ ಬಿಟ್ಟಿತೆಂದು ರಿಪೇರಿಗೆ ಕೊಟ್ಟು, ಹನ್ನೊಂದು ದಿನ ಪ್ರಕಾಶಕರಿಗೆ ಬರೀ ಕ್ಷಮಾಪಣೆಯ ಕಾಗದ ಬರೆದರಂತೆ. ಹಿಂದಿನ ಕಾಲದಲ್ಲಿ ಹದ ಮಾಡಿದ ತೊಗಲಿನ ನಾತ ತಡೆಯಲಾಗದೆ ಕೈಗವಸು ಹೊಲಿಯುವವರೇ ಅತ್ತರು ಬೆರೆಸುವುದನ್ನೂ ಕಲಿತರು ಎಂದು ನಮ್ಮ ಮೇಲ್ವಿಚಾರಕರು ದಿನಕ್ಕೆ ಆರು ಸಲ ಹೇಳುತ್ತಾರೆ. ನನಗೂ ಬಾಯಿಪಾಠವಾಗಿದೆ.

ಈಗ ನಿನ್ನಿಂದ ಮುಚ್ಚಿಟ್ಟ ಮಾತು. ಮೂರು ವರ್ಷದ ಕೆಳಗೆ ಆ ಕೈಗವಸು ಇಟ್ಟಿರುವ ಗಾಜಿನ ಪೆಟ್ಟಿಗೆ ಒರೆಸಿ, ಮುಚ್ಚಳ ಹಾಕುವುದನ್ನೇ ಮರೆತು ಮನೆಗೆ ಬಂದೆ. ಎರಡು ದಿನ ರಜೆ ಬೇರೆ. ತಿರುಗಿ ಹೋಗಿ ಮೂಸಿದರೆ ಬರೀ ಹಳೇ ಚಪ್ಪಲಿಯ ವಾಸನೆ. ಕೆಲಸ ಹೋಯಿತು, ಪೊಲೀಸರು ಬಂದರು, ಪೇಪರಿನಲ್ಲಿ ನನ್ನ ಫೋಟೊ ಬಂತು, ಎಲ್ಲ ನಿಂತಲ್ಲೇ ನನ್ನ ತಲೆಯೊಳಗೆ ಆಗಿಹೋಯಿತು. ಅತ್ತರಂಗಡಿಯಲ್ಲಿ ಸೀಸೆ ತೊಳೆದ ಹನ್ನೆರಡು ವರ್ಷ ಆವತ್ತು ಕೈಹಿಡಿಯಿತು. ನೆನಪಿನ ಮೇಲೆ ಶ್ರೀಗಂಧದೆಣ್ಣೆ, ಲಾವಂಚ, ಚೂರು ಧೂಪದಂಟು ಬೆರೆಸಿ, ಹತ್ತಿಯಲ್ಲಿ ಅದ್ದಿ ಕೈಗವಸಿನ ಬೆರಳುಗಳೊಳಗೆ ತುರುಕಿದೆ. ಕಾದಂಬರಿಕಾರರ ಡೈರಿಯಲ್ಲಿ ನಿಂಬೆಯ ಮಾತೂ ಇದೆಯೆಂದು ದಿನಾ ಬೆಳಿಗ್ಗೆ ಸಿಪ್ಪೆ ಹಿಂಡುತ್ತ ಬಂದೆ. ಯಾರಿಗೂ ತಿಳಿಯಲಿಲ್ಲ. ಯಾರೋ ಒಬ್ಬರು ಮೂಸಿ ಕಣ್ಣೀರು ಹಾಕಿದರು. ಆವತ್ತು ನನಗೆ ಊಟ ಸೇರಲಿಲ್ಲ.

ಶುಕ್ರವಾರ ಅತ್ತರು ತಯಾರಿಸುವ ಹೆಂಗಸೊಬ್ಬರು ಬಂದರು. ಅಜ್ಜಿಯ ವಯಸ್ಸು, ಇರುವೆಯ ಚುರುಕು. ಅದೇ ವಾಸನೆಯ ಅತ್ತರು ಮಾಡಿಸಿ ಮಾರಬೇಕೆಂದು ಮ್ಯೂಸಿಯಂನವರೇ ಕರೆಸಿದ್ದು. ಮೂಸಿದರು, ಕಣ್ಣು ಮುಚ್ಚಿದರು, ಎಲ್ಲರನ್ನೂ ಚಹಾಕ್ಕೆ ಕಳಿಸಿ ನನ್ನೊಬ್ಬಳನ್ನು ನಿಲ್ಲಿಸಿಕೊಂಡರು.

“ನಿಂಬೆ ಎಲ್ಲಕ್ಕಿಂತ ಮೊದಲು ಹಾರಿಹೋಗುತ್ತಮ್ಮಾ. ನೂರು ವರ್ಷದ ತೊಗಲಲ್ಲಿ ಇವತ್ತು ಹಿಂಡಿದ ಹಾಗಿದೆಯಲ್ಲ, ಯಾರ ಕೆಲಸ?”

ನಾನು ಕೈ ಹಿಂದಕ್ಕಿಟ್ಟೆ. ಅವರು ಎಳೆದು ಮೂಸಿದರು. ಗೋಳೋ ಎಂದು ಅತ್ತುಬಿಟ್ಟೆ. ಅಳು ಮುಗಿದ ಮೇಲೆ, ಲಾವಂಚ ಎಷ್ಟು ಹನಿ ಎಂದು ಕೇಳಿದರು. ನಾಲ್ಕು ಅಂದೆ. ಮೂರು ಸಾಕಿತ್ತು ಅಂದರು.

ಆಮೇಲೆ ಏನು ಹೇಳಿದರು ಗೊತ್ತಾ? ತಮ್ಮ ಕಾರ್ಖಾನೆಯಲ್ಲಿ ಬೆರೆಸುವ ಮೇಜಿಗೇ ನನ್ನನ್ನು ಹಾಕಿಕೊಳ್ಳುತ್ತಾರಂತೆ! ಸರ್ಟಿಫಿಕೇಟು ಕೇಳಲೇ ಇಲ್ಲ. ಒಂದೇ ಕರಾರು: “ಕದ್ದುಮುಚ್ಚಿ ಬರೋದು ಬೇಡ. ಮೇಲ್ವಿಚಾರಕರಿಗೆ ನಿನ್ನ ಬಾಯಿಂದಲೇ ಹೇಳಿ ಬಾ.”

ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ನಕ್ಕರು, ಹೋಗಿ ಬಾ ಅಂದರು.

ಬಿಳಿ ಕೋಟು ಕೊಡುತ್ತಾರಂತೆ ಅಕ್ಕಾ, ತೋಳು ಉದ್ದವಾದರೆ ನೀನೇ ಮಡಿಚಿ ಹೊಲಿದುಕೊಡಬೇಕು. ಒಂದು ಕಾಲಕ್ಕೆ ತಿಮಿಂಗಿಲದ ವಾಂತಿಯನ್ನೂ ಅತ್ತರಿಗೆ ಹಾಕುತ್ತಿದ್ದರಂತೆ. ಸಿಕ್ಕರೆ ಭಾವನಿಗೆ ಒಂದು ಚಿಟಿಕೆ ಕಳಿಸಲಾ?

ನಿನ್ನ ಪುಕ್ಕಲು ತಂಗಿ

ಇನ್ನೊಂದು ಮಾತು: ಮೇಲ್ವಿಚಾರಕರಿಗೆ ಇನ್ನೂ ಹೇಳಿಲ್ಲ. ಅವರು ಬರುವುದು ಹತ್ತಕ್ಕೆ. ಮೊದಲು ಇದನ್ನು ಅಂಚೆಪೆಟ್ಟಿಗೆಗೆ ಹಾಕಿ, ಆಮೇಲೆ ಅವರ ಕೋಣೆಗೆ ಹೋಗುತ್ತೇನೆ. ನಿನಗೆ ಎಷ್ಟೋ ಮುಚ್ಚಿಟ್ಟಿದ್ದೇನೆ, ಸುಳ್ಳು ಮಾತ್ರ ಬರೆದವಳಲ್ಲ. ಕಾಗದ ಪೆಟ್ಟಿಗೆಗೆ ಬಿದ್ದ ಮೇಲೆ ‘ಹೇಳಿದೆ’ ಎಂದು ಬರೆದದ್ದನ್ನು ನಿಜ ಮಾಡದೆ ನನಗೆ ಬೇರೆ ದಾರಿಯಿಲ್ಲ. ಅವರು ನಕ್ಕರು ಎಂದದ್ದು ಮಾತ್ರ ನನ್ನ ಆಸೆ.